ನಡೆದೇ ಇಲ್ಲ ಎಂದ ದಿಗ್ಬಂಧನ

ನಾಲ್ಕೈದು ವರ್ಷಕ್ಕೊಮ್ಮೆ ನಮ್ಮ ಸುದ್ದಿವಾಹಿನಿಗಳಿಗೆ ನೇಪಾಳದ ನೆನಪಾಗುತ್ತದೆ. 2015ರಲ್ಲಿ ಭೂಕಂಪವಾದಾಗ ನೆನಪಾಯಿತು, ಅದೇ ವರ್ಷ ಅವರು ಸಂವಿಧಾನ ಬರೆದುಕೊಂಡಾಗ ನೆನಪಾಯಿತು, 2020ರಲ್ಲಿ ಭಾರತವೂ ತನ್ನವೆನ್ನುವ ಲಿಪುಲೇಖ್, ಕಾಲಾಪಾನಿ, ಲಿಂಪಿಯಾಧುರಗಳನ್ನು ಸೇರಿಸಿ ಹೊಸ ನಕ್ಷೆ ಪ್ರಕಟಿಸಿದಾಗ ಮತ್ತೆ ನೆನಪಾಯಿತು. ಪ್ರತಿ ಸಲವೂ ಚರ್ಚೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ನಾವು ಇಷ್ಟೆಲ್ಲ ಮಾಡಿದರೂ ನೇಪಾಳಿಗಳಿಗೆ ನಮ್ಮ ಮೇಲೆ ಯಾಕಿಷ್ಟು ಸಿಟ್ಟು? ಉತ್ತರವೂ ಮೊದಲೇ ಸಿದ್ಧವಿರುತ್ತದೆ, ಚೀನಾದ ಕುಮ್ಮಕ್ಕು. 2020ರ ಮೇ ತಿಂಗಳಲ್ಲಿ ಆಗಿನ ನಮ್ಮ ಸೇನಾ ಮುಖ್ಯಸ್ಥರೇ, ನೇಪಾಳ ಬೇರೆ ಯಾರದೋ ಪರವಾಗಿ ಈ ವಿಷಯ ಎತ್ತಿರಬಹುದು ಎಂಬರ್ಥದ ಮಾತಾಡಿದ್ದರು. ಅದರ ಮರು ತಿಂಗಳು ಆ ನಕ್ಷೆಯನ್ನು ಸಂವಿಧಾನಕ್ಕೆ ಸೇರಿಸುವ ತಿದ್ದುಪಡಿ ನೇಪಾಳದ ಕೆಳಮನೆಗೆ ಬಂದಾಗ ಅಂದು ಸದನದಲ್ಲಿದ್ದ 258 ಸದಸ್ಯರೂ ಪರವಾಗಿ ಮತ ಹಾಕಿದರು. ದಶಕಗಳಿಂದ ದೆಹಲಿಯ ಜೊತೆ ಒಡನಾಡಿದ ನೇಪಾಳಿ ಕಾಂಗ್ರೆಸ್ ಕೂಡ ಅದರಲ್ಲಿತ್ತು. ಒಂದು ದೇಶದ ಎಲ್ಲ ಪಕ್ಷಗಳೂ ಒಂದೇ ದಿನ ಚೀನಾದ ಮಾತು ಕೇಳಿದವು ಎಂದು ನಂಬುವುದು ನನ್ನಿಂದ ಆಗಲಿಲ್ಲ.

ನನ್ನ ಮಟ್ಟಿಗೆ ಈ ಪ್ರಶ್ನೆ ಅದಕ್ಕೂ ಮೊದಲೇ, 2015ರ ಅಕ್ಟೋಬರಿನಲ್ಲಿ, ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಬಳಿ ಎದ್ದಿತ್ತು. ಆಗ ಭಾರತದಿಂದ ನೇಪಾಳಕ್ಕೆ ಹೋಗುವ ಲಾರಿಗಳು ಗಡಿಯಲ್ಲಿ ನಿಂತಿದ್ದವು. ಇದು ಭಾರತದ ದಿಗ್ಬಂಧನ ಎಂದು ನೇಪಾಳಿಗಳು, ಅಂಥದ್ದೇನೂ ನಡೆದೇ ಇಲ್ಲ ಎಂದು ದೆಹಲಿ. ರಾತ್ರಿ ಪಾಳಿಯ ಕಾವಲುಗಾರ ದೂರದ ಪಶ್ಚಿಮ ನೇಪಾಳದ ಅಛಾಮ್ ಜಿಲ್ಲೆಯವನು. ದಶೈಂ ಹಬ್ಬಕ್ಕೆ ಊರಿಗೆ ಹೋಗಬೇಕೆಂದು ರಜೆ ಕೇಳಿಟ್ಟುಕೊಂಡಿದ್ದ. ಆದರೆ ಬನ್ಬಸಾ ಗಡಿ ದಾಟಿದ ಮೇಲೆ ಬೆಟ್ಟ ಹತ್ತುವ ಬಸ್ಸುಗಳಿಗೆ ಡೀಸೆಲ್ ಇರಲಿಲ್ಲ, ಓಡುತ್ತಿದ್ದ ಒಂದೆರಡು ಬಸ್ಸುಗಳು ಬಾಯಿಗೆ ಬಂದಷ್ಟು ದರ ಕೇಳುತ್ತಿದ್ದವು. ಕೊನೆಗೆ ಹೋಗುವುದಿಲ್ಲವೆಂದು ತೀರ್ಮಾನಿಸಿದ ಸಂಜೆ ಆತ ಕೆಳಮಹಡಿಯ ನಿವೃತ್ತ ಹಿರಿಯರನ್ನು ಕೇಳಿದ: "ಅಂಕಲ್, ನಿಮ್ಮ ಸರ್ಕಾರ ನಮಗೆ ಯಾಕೆ ಹೀಗೆ ಮಾಡುತ್ತಿದೆ?" ಅವರು ಪ್ರೀತಿಯಿಂದಲೇ ಹೇಳಿದರು: "ನಮ್ಮ ಸರ್ಕಾರ ಏನೂ ಮಾಡಿಲ್ಲಪ್ಪ. ನಿಮ್ಮವರೇ ಗಡಿಯಲ್ಲಿ ಜಗಳ ಆಡಿಕೊಂಡು ಕೂತಿದ್ದಾರೆ. ಪೇಪರಿನಲ್ಲಿ ಬಂದಿದೆ ನೋಡು." ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಡೀಸೆಲ್ ಎಲ್ಲಿ ಹೋಯಿತು ಅಂಕಲ್?" ಎಂದ.

ಆ ಹಿರಿಯರ ಬಗ್ಗೆ ನನಗೆ ಗೌರವವಿದೆ. ಏಪ್ರಿಲ್ 25ರ ಭೂಕಂಪದ ಸುದ್ದಿ ಬಂದಾಗ ಮನೆಮನೆಗೆ ಹೋಗಿ ಹಣ ಕೂಡಿಸಿ ಅದೇ ಹುಡುಗನ ಕೈಗೆ ಕೊಟ್ಟವರು ಅವರು. ಅವರ ಔದಾರ್ಯವೂ ನಿಜ, "ನಾವು ಏನೂ ಮಾಡಿಲ್ಲ" ಎಂಬ ನಂಬಿಕೆಯೂ ಪ್ರಾಮಾಣಿಕವಾದದ್ದೇ. ಅಂದಿನಿಂದ ನಾನು ನೇಪಾಳದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ, ಗಡಿಗೂ ಹೋಗಿ ಬಂದಿದ್ದೇನೆ. ದೊಡ್ಡ ದೇಶ ಚಿಕ್ಕ ದೇಶದ ಮೇಲೆ ಒತ್ತಡ ಹಾಕುವುದು ಇತಿಹಾಸದಲ್ಲಿ ಹೊಸತಲ್ಲ, ಚಿಕ್ಕವರು ಅದನ್ನು ಹೇಗೋ ತಾಳಿಕೊಳ್ಳುತ್ತಾರೆ. ಹಾಕಿದ ಒತ್ತಡವನ್ನು ಹಾಕಿಯೇ ಇಲ್ಲ ಎನ್ನುವುದನ್ನು ಮಾತ್ರ ಅವರಿಗೆ ತಾಳಿಕೊಳ್ಳಲು ಆಗುವುದಿಲ್ಲ. ನನಗೆ ಅರ್ಥವಾದದ್ದು ಇಷ್ಟು, ಈ ಬರಹವೂ ಅದರ ಬಗ್ಗೆಯೇ.

ಸುಗೌಲಿ ಜಂಕ್ಷನ್

ಮುಜಫ್ಫರ್‌ಪುರದಿಂದ ರಕ್ಸೌಲ್‌ಗೆ ಹೋಗುವ ರೈಲು ಮೋತಿಹಾರಿ ದಾಟಿದ ಮೇಲೆ ಸುಗೌಲಿ ಎಂಬ ಜಂಕ್ಷನ್ನಿನಲ್ಲಿ ನಿಲ್ಲುತ್ತದೆ. ಚಹಾ ಮಾರುವವರು, ಮೂಟೆ ಹೊತ್ತವರು, ಕಿಟಕಿಯಿಂದಲೇ ಮಕ್ಕಳನ್ನು ಒಳಗೆ ತಳ್ಳುವವರು, ಯಾವ ಬಿಹಾರದ ನಿಲ್ದಾಣದಲ್ಲೂ ಕಾಣುವ ನೋಟ. ಭಾರತದ ಶಾಲೆಗಳಲ್ಲಿ ಈ ಊರಿನ ಹೆಸರು ಹೆಚ್ಚೆಂದರೆ ಒಂದು ಅಂಕದ ಪ್ರಶ್ನೆ. ನೇಪಾಳದಲ್ಲಿ ಈ ಹೆಸರು ಕೇಳದೆ ಬೆಳೆದ ಮಗುವಿಲ್ಲ. 1814ರಿಂದ 1816ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಕಾದಾಡಿ ಸೋತ ಗೋರ್ಖಾ ರಾಜ್ಯ, ಅಂದರೆ ಅಂದಿನ ನೇಪಾಳ, ಇಲ್ಲಿನ ಒಪ್ಪಂದದಲ್ಲಿ ತನ್ನ ಭೂಮಿಯ ಸುಮಾರು ಮೂರನೇ ಒಂದು ಭಾಗವನ್ನು ಬಿಟ್ಟುಕೊಟ್ಟಿತು. ಪಶ್ಚಿಮದಲ್ಲಿ ಕುಮಾವೂ, ಗಢ್ವಾಲ್, ಪೂರ್ವದಲ್ಲಿ ಸಿಕ್ಕಿಂ ಕಡೆಯ ನೆಲ, ದಕ್ಷಿಣದಲ್ಲಿ ತರಾಯಿ ಬಯಲಿನ ದೊಡ್ಡ ಪಟ್ಟಿ ಹೋದವು. ಪಶ್ಚಿಮದ ಗಡಿ ಕಾಳಿ ನದಿ ಎಂದು ನಿಗದಿಯಾಯಿತು. ಆ ಕಾಳಿ ಹುಟ್ಟುವುದು ಎಲ್ಲಿ ಎಂಬುದೇ ಇಂದಿನ ಲಿಪುಲೇಖ್ ಜಗಳದ ಮೂಲ. ಲಿಂಪಿಯಾಧುರದಿಂದ ಬರುವ ಹೊಳೆಯೇ ಕಾಳಿ ಎಂದು ನೇಪಾಳ, ಅಲ್ಲ, ಕಾಲಾಪಾನಿಯ ಬುಗ್ಗೆಗಳಿಂದ ಹುಟ್ಟುವುದೇ ಕಾಳಿ ಎಂದು ಭಾರತ. ಇನ್ನೂರು ವರ್ಷ ಹಳೆಯ ಒಂದು ಕಾಗದದ ಮೇಲೆ ಇಂದಿಗೂ ಎರಡು ದೇಶಗಳು ನಿಂತಿವೆ.

ಗೋರ್ಖಾಗಳೂ ಗೆದ್ದ ನೆಲವನ್ನೇ ಕಳೆದುಕೊಂಡವರು ಎಂಬುದನ್ನು ಇಲ್ಲಿ ಹೇಳಲೇಬೇಕು. 1790ರಲ್ಲಿ ಕುಮಾವೂ, 1804ರಲ್ಲಿ ಗಢ್ವಾಲ್ ಅವರ ಕೈಗೆ ಬಂದಿದ್ದವು. ಗಢ್ವಾಲಿನ ಜನರ ನೆನಪಿನಲ್ಲಿ ಗೋರ್ಖಾ ಆಳ್ವಿಕೆ ಎಂದರೆ ಇಂದಿಗೂ ಕ್ರೌರ್ಯದ ಕಾಲ. ಕಠ್ಮಂಡು ಕಣಿವೆಯ ನೇವಾರ ನಗರಗಳೂ 1768–69ರಲ್ಲಿ ಗೋರ್ಖಾ ದೊರೆ ಪೃಥ್ವಿನಾರಾಯಣ ಶಾಹನ ಸೇನೆಗೆ ಬಲಿಯಾದವೇ. ಚಿಕ್ಕ ದೇಶವೆಂದ ಮಾತ್ರಕ್ಕೆ ಅದರ ಚರಿತ್ರೆ ಮುಗ್ಧವಾಗಿರುವುದಿಲ್ಲ. ಆದರೆ ಅದೇ ಪೃಥ್ವಿನಾರಾಯಣ ತನ್ನ ಕೊನೆಗಾಲದಲ್ಲಿ ಮಕ್ಕಳಿಗೂ ಅಧಿಕಾರಿಗಳಿಗೂ ಹೇಳಿದನೆನ್ನಲಾದ ಮಾತು ಮುಂದಿನ ಎಲ್ಲ ನೇಪಾಳಿ ಆಡಳಿತಗಾರರ ತಲೆಯಲ್ಲಿ ಉಳಿದುಬಿಟ್ಟಿತು: ಈ ರಾಜ್ಯ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡ ಗೆಣಸಿದ್ದಂತೆ. ಉತ್ತರದ ಚಕ್ರವರ್ತಿಯ ಜೊತೆ ಸ್ನೇಹವಿರಲಿ, ದಕ್ಷಿಣದ ಸಮುದ್ರದೊಡೆಯನ ಜೊತೆಗೂ ಇರಲಿ, ಆದರೆ ಆತ ಬಲು ಚತುರ ಎಂಬುದು ಆ ಉಪದೇಶದ ಸಾರ.

1857ರ ದಂಗೆಯ ಕಾಲದಲ್ಲಿ ನೇಪಾಳದ ಪ್ರಧಾನಿ ಜಂಗ್ ಬಹಾದೂರ್ ರಾಣಾ ಬ್ರಿಟಿಷರ ಪರವಾಗಿ ಲಖನೌಗೆ ಸೈನ್ಯ ತಂದದ್ದು, ಅದಕ್ಕೆ ಪ್ರತಿಫಲವಾಗಿ 1860ರಲ್ಲಿ ಪಶ್ಚಿಮ ತರಾಯಿಯ ಒಂದು ಭಾಗ ನೇಪಾಳಕ್ಕೆ ಮರಳಿದ್ದು ಎಲ್ಲರಿಗೂ ಗೊತ್ತಿರುವ ವಿಷಯ. ಬ್ರಿಟಿಷರ ವಿರುದ್ಧ ಹೋರಾಡಿ ಅದೇ ಲಖನೌ ಕಳೆದುಕೊಂಡ ಬೇಗಂ ಹಜರತ್ ಮಹಲ್‌ಗೆ ಕೊನೆಗೆ ಆಶ್ರಯ ಸಿಕ್ಕಿದ್ದೂ ಕಠ್ಮಂಡುವಿನಲ್ಲೇ, ಆಕೆ 1879ರಲ್ಲಿ ತೀರಿಕೊಂಡದ್ದೂ ಅಲ್ಲೇ. ಒಂದು ಕೈಯಲ್ಲಿ ಸೋಲಿಸಲು ನೆರವಾಗಿ, ಇನ್ನೊಂದು ಕೈಯಲ್ಲಿ ಸೋತವರನ್ನು ಕಾಪಾಡಿದ ಈ ಎರಡೂ ಕೆಲಸಗಳು ಒಂದೇ ದರ್ಬಾರಿನವು. ಬದುಕಿ ಉಳಿಯಬೇಕಾದ ಚಿಕ್ಕ ರಾಜ್ಯದ ವಿದೇಶಾಂಗ ನೀತಿ ಇಷ್ಟು ಸಿಕ್ಕುಸಿಕ್ಕಾಗಿರುತ್ತದೆ ಎಂಬುದಕ್ಕೆ ನಾನು ಇದಕ್ಕಿಂತ ಸ್ಪಷ್ಟ ಉದಾಹರಣೆ ಕಂಡಿಲ್ಲ.

ಬಚ್ಚಿಟ್ಟ ಪತ್ರಗಳು

1950ರ ಜುಲೈ 31ರಂದು ಕಠ್ಮಂಡುವಿನಲ್ಲಿ ಶಾಂತಿ ಮತ್ತು ಸ್ನೇಹ ಒಪ್ಪಂದಕ್ಕೆ ಸಹಿ ಬಿತ್ತು. ನೇಪಾಳದ ಪರವಾಗಿ ಸಹಿ ಹಾಕಿದವರು ಪ್ರಧಾನಿ ಮೋಹನ್ ಶಂಶೇರ್ ರಾಣಾ, ಭಾರತದ ಪರವಾಗಿ ಸಹಿ ಹಾಕಿದವರು ರಾಯಭಾರಿ. ಪ್ರಧಾನಿಯ ಎದುರು ರಾಯಭಾರಿ ಕುಳಿತದ್ದನ್ನು ನೇಪಾಳದ ಲೇಖಕರು ಇಂದಿಗೂ ಬರೆಯುತ್ತಾರೆ. ನಮ್ಮವರಿಗೆ ಇದು ಕ್ಷುಲ್ಲಕವೆನಿಸಬಹುದು. ನಮ್ಮ ಪ್ರಧಾನಿ ಬೇರೊಂದು ದೊಡ್ಡ ದೇಶದ ರಾಯಭಾರಿಯ ಜೊತೆ ಕುಳಿತು ದೇಶದ ಭದ್ರತೆಯ ಒಪ್ಪಂದಕ್ಕೆ ಸಹಿ ಹಾಕಿದ್ದರೆ ನಾವು ಏನು ಬರೆಯುತ್ತಿದ್ದೆವು ಎಂದು ಯೋಚಿಸಿದರೆ ಸಾಕು. ಒಪ್ಪಂದದಲ್ಲಿ ಒಳ್ಳೆಯದೂ ಇದೆ. ಎರಡೂ ದೇಶಗಳ ಜನರು ಇನ್ನೊಂದರಲ್ಲಿ ನೆಲೆಸಲು, ದುಡಿಯಲು, ಆಸ್ತಿ ಮಾಡಲು ಪರಸ್ಪರ ಅವಕಾಶ ಕೊಡುವ ಆರನೇ ಮತ್ತು ಏಳನೇ ವಿಧಿಗಳ ಬಲದಿಂದಲೇ ಲಕ್ಷಾಂತರ ನೇಪಾಳಿಗಳು ವೀಸಾ ಇಲ್ಲದೆ ಇಲ್ಲಿ ಬಂದು ಬದುಕುತ್ತಿದ್ದಾರೆ.

ಆದರೆ ಒಪ್ಪಂದದ ಜೊತೆಯಲ್ಲೇ ಕೆಲವು ಪತ್ರಗಳ ವಿನಿಮಯವೂ ನಡೆದಿತ್ತು. ಹೊರಗಿನ ಬೆದರಿಕೆ ಬಂದರೆ ಎರಡೂ ಸರ್ಕಾರಗಳು ಸಮಾಲೋಚಿಸಿ ಕ್ರಮ ಕೈಗೊಳ್ಳಬೇಕು, ನೇಪಾಳ ತರಿಸುವ ಶಸ್ತ್ರಾಸ್ತ್ರಗಳು ಭಾರತದ ನೆರವು ಮತ್ತು ಒಪ್ಪಿಗೆಯಿಂದ ಬರಬೇಕು, ನೈಸರ್ಗಿಕ ಸಂಪತ್ತಿನ ಯೋಜನೆಗಳಲ್ಲಿ ಭಾರತಕ್ಕೆ ಮೊದಲ ಆದ್ಯತೆ ಇರಬೇಕು ಎಂಬ ಭಾರದ ಮಾತುಗಳೆಲ್ಲ ಇದ್ದದ್ದು ಆ ಪತ್ರಗಳಲ್ಲಿ. ಜನರ ಕಣ್ಣಿಗೆ ಬಿದ್ದ ಒಪ್ಪಂದ ಸ್ನೇಹದ್ದು, ಷರತ್ತುಗಳು ಪೆಟ್ಟಿಗೆಯೊಳಗೆ. ಅವು ಬಹಿರಂಗವಾದದ್ದು 1959ರಲ್ಲಿ. ಒಂಬತ್ತು ವರ್ಷ ತಮ್ಮ ದೇಶ ಯಾವುದಕ್ಕೆ ಒಪ್ಪಿದೆ ಎಂಬುದೇ ನೇಪಾಳಿಗಳಿಗೆ ಗೊತ್ತಿರಲಿಲ್ಲ. ಆ ಪತ್ರಗಳಿಗೆ ಕಾರಣವಿತ್ತು ಎಂಬುದನ್ನೂ ನಾನು ಒಪ್ಪುತ್ತೇನೆ. ಅದೇ ವರ್ಷ ಚೀನಾದ ಸೈನ್ಯ ಟಿಬೆಟ್ಟಿಗೆ ನುಗ್ಗುವುದರಲ್ಲಿತ್ತು, ನೆಹರೂ ಅವರ ಲೆಕ್ಕದಲ್ಲಿ ಭಾರತದ ರಕ್ಷಣೆಯ ಗೋಡೆ ಹಿಮಾಲಯ, ಆ ಗೋಡೆ ಇರುವುದು ನೇಪಾಳದ ಉತ್ತರದ ಅಂಚಿನಲ್ಲಿ. ಡಿಸೆಂಬರಿನಲ್ಲಿ ಸಂಸತ್ತಿನಲ್ಲೇ ಅವರು ಇದನ್ನು ಹೇಳಿದರು. ಸಂಸತ್ತಿನಲ್ಲಿ ಹೇಳಬಹುದಾದದ್ದನ್ನು ಒಪ್ಪಂದದಲ್ಲೇ ಬರೆಯಬಹುದಿತ್ತು. ಬರೆದಿದ್ದರೆ ನೇಪಾಳ ಜಗಳ ಆಡುತ್ತಿತ್ತು, ಚೌಕಾಸಿ ಮಾಡುತ್ತಿತ್ತು, ಆದರೆ ಮೋಸಹೋದೆ ಎಂದು ಎಪ್ಪತ್ತು ವರ್ಷ ಹೇಳುತ್ತಿರಲಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ನಡೆದದ್ದು ಯಾವ ಕಥೆಗೂ ಕಡಿಮೆಯಿಲ್ಲ. ವಂಶಪಾರಂಪರ್ಯವಾಗಿ ಪ್ರಧಾನಿಗಳಾಗಿ ದೇಶ ಆಳುತ್ತಿದ್ದ ರಾಣಾಗಳ ಕೈಗೊಂಬೆಯಾಗಿದ್ದ ದೊರೆ ತ್ರಿಭುವನ್ ಬೇಟೆಗೆ ಹೋಗುವ ನೆಪದಲ್ಲಿ ಕುಟುಂಬದೊಡನೆ ಕಾರುಗಳಲ್ಲಿ ಹೊರಟು, ನೇರ ಭಾರತದ ರಾಯಭಾರ ಕಚೇರಿಯೊಳಗೆ ಹೊಕ್ಕರು. ಅರಮನೆಯಲ್ಲಿ ಉಳಿದಿದ್ದ ಮೂರು ವರ್ಷದ ಮೊಮ್ಮಗ ಜ್ಞಾನೇಂದ್ರನನ್ನು ರಾಣಾಗಳು ಸಿಂಹಾಸನದ ಮೇಲೆ ಕೂರಿಸಿದರು. ಭಾರತ ಆ ಮಗುವನ್ನು ರಾಜನೆಂದು ಒಪ್ಪಲಿಲ್ಲ. ತ್ರಿಭುವನ್ ದೆಹಲಿಗೆ ಹಾರಿದರು, ರಾಣಾಗಳು, ದೊರೆ, ನೇಪಾಳಿ ಕಾಂಗ್ರೆಸ್ ಮೂವರೂ ದೆಹಲಿಯಲ್ಲಿ ರಾಜಿಗೆ ಬಂದರು, 1951ರ ಫೆಬ್ರುವರಿಯಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ರಾಣಾಶಾಹಿ ಮುಗಿಯಿತು. ಇಂದು ಅವರು ಆಚರಿಸುವ ಪ್ರಜಾತಂತ್ರ ದಿನ ಅದರದ್ದೇ. ಭಾರತವಿಲ್ಲದೆ ಅದು ಅಷ್ಟು ಬೇಗ ಆಗುತ್ತಿರಲಿಲ್ಲ, ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಹೆಮ್ಮೆಯ ಮುಂದಿನ ಪುಟದಲ್ಲಿ ಇರುವುದು ಬೇರೆ. ತ್ರಿಭುವನ್ ಅವರ ಕಾರ್ಯದರ್ಶಿಯಾಗಿ ಭಾರತದಿಂದ ಒಬ್ಬ ಐಸಿಎಸ್ ಅಧಿಕಾರಿಯನ್ನು ಕಳಿಸಲಾಯಿತು. ಅವರು ಗೋವಿಂದ ನಾರಾಯಣ್. 1977ರಿಂದ 1983ರವರೆಗೆ ನಮ್ಮ ಕರ್ನಾಟಕದ ರಾಜ್ಯಪಾಲರಾಗಿದ್ದವರು. ಸೇನೆಯನ್ನು ಪುನರ್ರಚಿಸಲು ಭಾರತದ ಸೈನಿಕ ನಿಯೋಗ ಬಂತು, ಟಿಬೆಟ್ ಗಡಿಯ ಠಾಣೆಗಳಲ್ಲಿ ಭಾರತದ ಸಿಬ್ಬಂದಿ ಕುಳಿತರು. ಅವರೆಲ್ಲ ವಾಪಸು ಬಂದದ್ದು 1969–70ರ ಹೊತ್ತಿಗೆ, ನೇಪಾಳ ಕೇಳಿದ ಮೇಲೆ. ಈ ಅಧಿಕಾರಿಗಳಲ್ಲಿ ಬಹುಪಾಲು ಸಮರ್ಥರೂ ಸಜ್ಜನರೂ ಆಗಿದ್ದಿರಬೇಕು. ಆದರೆ ಒಂದು ಸ್ವತಂತ್ರ ದೇಶದ ದೊರೆಯ ಪಕ್ಕದಲ್ಲಿ ನೆರೆಯ ದೇಶದ ಅಧಿಕಾರಿ ಕುಳಿತಿರುವಾಗ ಅಲ್ಲಿ ಹುಟ್ಟುವ ಪ್ರತಿ ತೀರ್ಮಾನವನ್ನೂ ಜನ ಅನುಮಾನದಿಂದ ನೋಡುತ್ತಾರೆ. 1960ರಲ್ಲಿ ದೊರೆ ಮಹೇಂದ್ರ, ಚುನಾಯಿತ ಪ್ರಧಾನಿ ಬಿ.ಪಿ. ಕೊಯಿರಾಲಾ ಅವರನ್ನು ಜೈಲಿಗೆ ತಳ್ಳಿ ಪ್ರಜಾತಂತ್ರವನ್ನು ಮುಗಿಸಿದಾಗ ಈ ಅನುಮಾನವನ್ನೇ ರಾಷ್ಟ್ರೀಯತೆಯನ್ನಾಗಿ ಮಾಡಿಕೊಂಡರು. ನಮ್ಮ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಸೆರೆಮನೆ ಕಂಡಿದ್ದ ಕೊಯಿರಾಲಾ ತಮ್ಮ ದೇಶದಲ್ಲಿ ಎಂಟು ವರ್ಷ ಸೆರೆಯಲ್ಲಿದ್ದರು. ಭಾರತದ ಅತಿಯಾದ ಸಾಮೀಪ್ಯದಿಂದ ಹೆಚ್ಚು ನಷ್ಟವಾದದ್ದು ಭಾರತವನ್ನು ನಿಜವಾಗಿ ಪ್ರೀತಿಸಿದ ನೇಪಾಳಿಗಳಿಗೇ ಎಂದು ನನಗೆ ಅನ್ನಿಸುವುದು ಇದಕ್ಕೆ.

1989ರ ಮಾರ್ಚಿನಲ್ಲಿ ವ್ಯಾಪಾರ ಮತ್ತು ಸಾಗಣೆ ಒಪ್ಪಂದಗಳ ಅವಧಿ ಮುಗಿದಾಗ ಭಾರತ ಎರಡು ದಾರಿಗಳನ್ನು ಬಿಟ್ಟು ಉಳಿದ ಗಡಿದಾರಿಗಳನ್ನು ಮುಚ್ಚಿತು. ಹಿಂದಿನ ವರ್ಷ ನೇಪಾಳ ಚೀನಾದಿಂದ ಶಸ್ತ್ರಾಸ್ತ್ರ ತರಿಸಿದ್ದು ಆ ಸಿಟ್ಟಿಗೆ ಮುಖ್ಯ ಕಾರಣ. ಸೀಮೆಎಣ್ಣೆಗೆ ಸಾಲು, ಕಣಿವೆಯ ಸುತ್ತ ಕಾಡು ಕಡಿತ. ಆದರೆ ಅದು ಬಹಿರಂಗವಾಗಿ ನಡೆದದ್ದು, ಅದರ ಹೊಣೆಯನ್ನು ದೆಹಲಿ ಹೊತ್ತಿತ್ತು. ಮರುವರ್ಷ ಜನಾಂದೋಲನ ಎದ್ದು, ಪಕ್ಷಗಳಿಗೆ ಜಾಗವಿಲ್ಲದ ದೊರೆಯ ಪಂಚಾಯತ್ ವ್ಯವಸ್ಥೆ ಉರುಳಿತು, ಒಪ್ಪಂದಗಳು ಮರಳಿದವು, ನೇಪಾಳಿಗಳು ಅದನ್ನು ಹೆಚ್ಚುಕಡಿಮೆ ದಾಟಿ ಬಂದರು. 2015ರದ್ದನ್ನು ದಾಟಿ ಬರಲು ಆಗಿಲ್ಲ.

ಮೈತ್ರಿ ಸೇತುವೆ

2015ರ ಸೆಪ್ಟೆಂಬರ್ 20ರಂದು ನೇಪಾಳ ತನ್ನ ಹೊಸ ಸಂವಿಧಾನವನ್ನು ಜಾರಿಗೆ ತಂದಿತು. ಅದಕ್ಕೆ ಎರಡು ದಿನ ಮೊದಲು ನಮ್ಮ ವಿದೇಶಾಂಗ ಕಾರ್ಯದರ್ಶಿ ಕಠ್ಮಂಡುವಿಗೆ ಹೋಗಿ, ತರಾಯಿಯ ಅಸಮಾಧಾನ ಶಮನವಾಗುವ ತನಕ ತಡೆಯಿರಿ ಎಂದು ಹೇಳಿ ಬಂದಿದ್ದರು. ಜಾರಿಯಾದ ದಿನ ಜಗತ್ತಿನ ಹಲವು ರಾಜಧಾನಿಗಳಿಂದ ಸ್ವಾಗತ ಬಂತು, ದೆಹಲಿಯ ಹೇಳಿಕೆ ಇದನ್ನು ಗಮನಿಸಿದ್ದೇವೆ ಎಂದಷ್ಟೇ ಹೇಳಿತು. ಮೂರ್ನಾಲ್ಕು ದಿನಗಳಲ್ಲಿ ಲಾರಿಗಳು ನಿಂತವು. ಭಾರತದ ರಕ್ಸೌಲ್ ಮತ್ತು ನೇಪಾಳದ ಬಿರ್‌ಗಂಜ್ ನಡುವಿನ ಸಿರ್ಸಿಯಾ ನದಿಯ ಮೇಲಿರುವ ಮೈತ್ರಿ ಸೇತುವೆಯ ಮೇಲೆ ತರಾಯಿ ಬಯಲಿನ ಮಧೇಸಿ ಪ್ರತಿಭಟನಕಾರರು ಡೇರೆ ಹಾಕಿ ಕುಳಿತಿದ್ದರು, ಇದು ನಿಜ. ಅವರಿಗೆ ಹೆದರಿ ಚಾಲಕರು ಹೋಗುತ್ತಿಲ್ಲ, ತಡೆ ಇರುವುದು ನೇಪಾಳದ ಕಡೆ ಎಂದು ಭಾರತ ಹೇಳಿತು. ಆದರೆ ಪ್ರತಿಭಟನೆಯ ಕಾವು ಅಷ್ಟಿಲ್ಲದ ಬೇರೆ ಗಡಿ ನಾಕೆಗಳಲ್ಲೂ ಲಾರಿಗಳು ತೆವಳುತ್ತಿದ್ದವು, ಭಾರತದ ಸರ್ಕಾರಿ ತೈಲ ಡಿಪೋಗಳಿಗೆ ಹೋದ ನೇಪಾಳದ ಟ್ಯಾಂಕರುಗಳು ಖಾಲಿ ಮರಳುತ್ತಿದ್ದವು. ನೇಪಾಳ ಬಳಸುವ ಪೆಟ್ರೋಲ್, ಡೀಸೆಲ್, ಅಡುಗೆ ಅನಿಲವೆಲ್ಲ ಭಾರತದಿಂದಲೇ ಹೋಗಬೇಕಾಗಿದ್ದ ಕಾಲ ಅದು.

ಭೂಕಂಪದಲ್ಲಿ ಸುಮಾರು ಒಂಬತ್ತು ಸಾವಿರ ಜನ ಸತ್ತು, ಲಕ್ಷಾಂತರ ಮನೆ ಬಿದ್ದು ಐದು ತಿಂಗಳಾಗಿತ್ತು. ತಗಡಿನ ಕೆಳಗೆ ಚಳಿಗಾಲ ಬಂತು. ಸರ್ಕಾರ ಅರ್ಧ ತುಂಬಿದ ಗ್ಯಾಸ್ ಸಿಲಿಂಡರ್ ಹಂಚಿತು, ರಾಜಧಾನಿಯಲ್ಲಿ ಸೌದೆ ಮಾರಿತು. ನವೆಂಬರ್ ಕೊನೆಯಲ್ಲಿ ಯುನಿಸೆಫ್, ಇಂಧನ, ಆಹಾರ, ಔಷಧಿ, ಲಸಿಕೆಗಳ ಕೊರತೆಯಿಂದ ಐದು ವರ್ಷದೊಳಗಿನ ಮೂವತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಅಪಾಯದಲ್ಲಿದ್ದಾರೆ ಎಂದು ಎಚ್ಚರಿಸಿತು. ಭೂಕಂಪವಾದ ಕೆಲವೇ ಗಂಟೆಗಳಲ್ಲಿ ವಿಮಾನ ಕಳಿಸಿ ಜೀವ ಉಳಿಸಿದ ದೇಶ ಭಾರತ. ಅದೇ ವರ್ಷದ ಎರಡನೇ ಅರ್ಧದಲ್ಲಿ ಆ ನೆನಪೆಲ್ಲ ಅಳಿದುಹೋಯಿತು.

ಕೆಲವು ವರ್ಷಗಳ ನಂತರ ನಾನು ಆ ಸೇತುವೆಯನ್ನು ನಡೆದೇ ದಾಟಿದೆ. ಯಾರೂ ಏನೂ ಕೇಳಲಿಲ್ಲ. ಟಾಂಗಾಗಳು, ಸೈಕಲ್‌ರಿಕ್ಷಾಗಳು, ಅಕ್ಕಿ ಮೂಟೆ ಹೇರಿಕೊಂಡ ಸೈಕಲ್ಲುಗಳು, ಆಸ್ಪತ್ರೆಗೆಂದು ಈ ಕಡೆ ಬರುವವರು, ಮದುವೆಗೆಂದು ಆ ಕಡೆ ಹೋಗುವವರು. ಕೆಳಗೆ ಕಾರ್ಖಾನೆಗಳ ಕೊಳೆಯಿಂದ ಕಪ್ಪಾದ ನದಿ. ಬಿರ್‌ಗಂಜ್‌ನ ಒಂದು ಬಟ್ಟೆ ಅಂಗಡಿಯಲ್ಲಿ ಕುಳಿತು ಮಾತಾಡಿದ ನಡುವಯಸ್ಸಿನ ವ್ಯಾಪಾರಿ 2015ರಲ್ಲಿ ಆ ಸೇತುವೆಯ ಮೇಲೆ ಕುಳಿತವರಲ್ಲಿ ಒಬ್ಬರು. ಮನೆಮಾತು ಭೋಜಪುರಿ, ಹೆಂಡತಿಯ ತವರು ಮೋತಿಹಾರಿ ಕಡೆ. ಹೊಸ ಸಂವಿಧಾನದಲ್ಲಿ ಪ್ರಾಂತ್ಯಗಳ ಗಡಿ ಎಳೆದ ರೀತಿ, ಕ್ಷೇತ್ರಗಳ ಹಂಚಿಕೆ, ತಾಯಿಯ ಮೂಲಕ ಮಕ್ಕಳಿಗೆ ಪೌರತ್ವ ಸಿಗಲು ಇಟ್ಟ ತೊಡಕು, ಒಂದೊಂದನ್ನೂ ಅವರು ಬೆರಳು ಮಡಿಸಿ ಹೇಳಿದರು. ಗಡಿಯಾಚೆ ಹೆಣ್ಣು ಕೊಟ್ಟು ತರುವ ಮನೆಗಳಿಗೆ ಈ ಪೌರತ್ವದ ತೊಡಕು ಬರೀ ಕಾನೂನಿನ ಮಾತಲ್ಲ, ಊಟದ ಮನೆಯ ಮಾತು. ಆ ವರ್ಷ ತರಾಯಿಯ ಪ್ರತಿಭಟನೆಗಳಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಅದರಲ್ಲಿ ಆಗಸ್ಟಿನಲ್ಲಿ ಟಿಕಾಪುರದಲ್ಲಿ ಗುಂಪಿನ ಕೈಗೆ ಸಿಕ್ಕಿ ಸತ್ತ ಪೊಲೀಸರೂ ಒಂದು ಹಸುಳೆಯೂ ಸೇರಿದ್ದರು. "ನಮ್ಮನ್ನು ಕೂರಿಸಿದವರು ಯಾರು ಎಂದು ಕಠ್ಮಂಡುವಿನವರು ಕೇಳಿದರು. ನಾವು ಯಾಕೆ ಕೂತೆವು ಎಂದು ಒಬ್ಬರೂ ಕೇಳಲಿಲ್ಲ ಭಾಯಿಸಾಬ್" ಎಂದರು ಅವರು. "ಮತ್ತೆ ದಿಲ್ಲಿಯವರು?" ಎಂದೆ. "ಅವರಿಗೆ ಬೇಕಾದಾಗ ನಾವು ಕಂಡೆವು. ಫೆಬ್ರುವರಿ ಬಂದಾಗ ಕಾಣಲಿಲ್ಲ."

2016ರ ಫೆಬ್ರುವರಿ ಮೊದಲ ವಾರದಲ್ಲಿ ಎರಡೂ ಕಡೆಯ ವ್ಯಾಪಾರಿಗಳು, ಊರಿನವರು ಸೇರಿ ಸೇತುವೆಯ ಮೇಲಿನ ಡೇರೆಗಳನ್ನು ಕಿತ್ತುಹಾಕಿದರು, ಲಾರಿಗಳು ಓಡಿದವು. ಅದೇ ತಿಂಗಳು ನೇಪಾಳದ ಪ್ರಧಾನಿ ಕೆ.ಪಿ. ಶರ್ಮಾ ಓಲಿ ದೆಹಲಿಗೆ ಬಂದರು, ಮಾರ್ಚಿನಲ್ಲಿ ಬೀಜಿಂಗಿಗೆ ಹೋಗಿ ಚೀನಾದ ಬಂದರುಗಳ ಮೂಲಕ ಸರಕು ಸಾಗಿಸುವ ಒಪ್ಪಂದಕ್ಕೂ ಸಹಿ ಮಾಡಿಸಿದರು. ಕೋಲ್ಕತ್ತ ಬಿರ್‌ಗಂಜ್‌ಗೆ ಸುಮಾರು 700 ಕಿಲೋಮೀಟರ್, ಚೀನಾದ ಬಂದರುಗಳು ಮೂರು ಸಾವಿರ ಕಿಲೋಮೀಟರಿಗೂ ದೂರ. ಆ ದಾರಿಯಲ್ಲಿ ಸರಕು ತರುವುದು ಲಾಭದ ಬಾಬ್ತಲ್ಲ ಎಂದು ಓಲಿಯವರಿಗೂ ಗೊತ್ತು. ಆದರೆ ಆ ಚಳಿಗಾಲ ಕಳೆದ ಯಾವ ನೇಪಾಳಿ ಪ್ರಧಾನಿಯೂ ಆ ಕಾಗದವಿಲ್ಲದೆ ಜನರ ಮುಂದೆ ನಿಲ್ಲುವಂತಿರಲಿಲ್ಲ. ಮಧೇಸಿಗಳ ಹೆಸರು ಹೇಳಿ ಆರಂಭವಾದದ್ದರಲ್ಲಿ ಮಧೇಸಿಗಳಿಗೆ ದಕ್ಕಿದ್ದು ಬಹಳ ಕಡಿಮೆ, ಗಟ್ಟಿಯಾದದ್ದು ಬೆಟ್ಟದ ರಾಷ್ಟ್ರೀಯತೆ. ಕಠ್ಮಂಡುವಿನ ಆಡಳಿತಗಾರರನ್ನೂ ನಾನು ಇದರಿಂದ ಬಿಡುವುದಿಲ್ಲ. ತಮ್ಮದೇ ಪ್ರಜೆಗಳ ಬೇಡಿಕೆಯನ್ನು ಭಾರತದ ಪಿತೂರಿ ಎಂದು ಕರೆದು ಕೈತೊಳೆದುಕೊಳ್ಳಲು ಅವರಿಗೆ ಒಳ್ಳೆಯ ಅವಕಾಶ ಸಿಕ್ಕಿತು. ಆ ಅವಕಾಶ ಕೊಟ್ಟವರು ನಾವು.

ಕರ್ನಾಟರ ಕೋಟೆ

ಬಿರ್‌ಗಂಜ್‌ನಿಂದ ಪೂರ್ವಕ್ಕೆ, ಬಾರಾ ಜಿಲ್ಲೆಯಲ್ಲಿ, ಗಡಿಗೆ ಅಂಟಿಕೊಂಡಂತೆ ಸಿಮ್ರೌನ್‌ಗಢ ಎಂಬ ಊರಿದೆ. ಹಾಳುಬಿದ್ದ ಮಣ್ಣಿನ ಕೋಟೆಗೋಡೆ, ಕೆರೆಗಳು, ಹೊಲದಲ್ಲಿ ಸಿಕ್ಕ ಕಲ್ಲಿನ ವಿಗ್ರಹಗಳನ್ನು ಇಟ್ಟುಕೊಂಡ ಗುಡಿಗಳು. 1097ರಲ್ಲಿ ನಾನ್ಯದೇವ ಎಂಬ ದೊರೆ ಇಲ್ಲಿಂದ ಮಿಥಿಲೆಯನ್ನು ಆಳಲು ಆರಂಭಿಸಿದ. ಅವನ ವಂಶದ ಹೆಸರು ಕರ್ನಾಟ. ಕಲ್ಯಾಣದ ಚಾಲುಕ್ಯರ ಸೇನೆಯ ಜೊತೆ ಉತ್ತರಕ್ಕೆ ಬಂದು ಅಲ್ಲೇ ನೆಲೆನಿಂತ ಕನ್ನಡ ನಾಡಿನ ಸೇನಾನಿಗಳ ಕುಲ ಎಂದು ಹಲವು ಇತಿಹಾಸಕಾರರು ಊಹಿಸುತ್ತಾರೆ. ಘಿಯಾಸುದ್ದೀನ್ ತುಘಲಕನ ಸೇನೆ 1324ರ ಸುಮಾರಿಗೆ ಈ ಕೋಟೆಯನ್ನು ಕೆಡವಿದಾಗ ದೊರೆ ಹರಿಸಿಂಹದೇವ ಉತ್ತರದ ಬೆಟ್ಟಗಳ ಕಡೆ ಓಡಿದ. ಕಠ್ಮಂಡು ಕಣಿವೆಯ ಮಲ್ಲ ದೊರೆಗಳ ಕುಲದೇವತೆ ತಲೇಜು ಇಲ್ಲಿಂದಲೇ ಹೋದವಳು ಎಂಬ ಐತಿಹ್ಯವೂ ಇದೆ. ಕಲ್ಯಾಣದಿಂದ ಇಷ್ಟು ದೂರದ ಬಯಲಿನಲ್ಲಿ, ಗೋಧಿ ಹೊಲದ ನಡುವೆ, ಕರ್ನಾಟ ಎಂಬ ಹೆಸರನ್ನು ಊರಿನ ಹುಡುಗರ ಬಾಯಲ್ಲಿ ಕೇಳಿದಾಗ ಮೈ ಜುಮ್ಮೆಂದಿತು. ಅವರಿಗೆ ಅದು ತಮ್ಮ ಹಳೆಯ ರಾಜರ ಹೆಸರು, ಅಷ್ಟೇ.

ಕನ್ನಡಿಗರಿಗೆ ಇನ್ನೂ ಹತ್ತಿರದ ನಂಟು ಪಶುಪತಿನಾಥ. ಅಲ್ಲಿನ ಮೂಲ ಭಟ್ಟರು ದಕ್ಷಿಣ ಭಾರತದಿಂದ, ನಮ್ಮ ಕಾಲದಲ್ಲಿ ಕರ್ನಾಟಕದಿಂದ ಹೋದ ಅರ್ಚಕರು. ಕರಾವಳಿಯ ಎಷ್ಟೋ ಮನೆಗಳಲ್ಲಿ ಇದು ಅಭಿಮಾನದ ವಿಷಯ. 2008ರ ಕೊನೆಯಲ್ಲಿ ಮಾವೋವಾದಿಗಳ ಸರ್ಕಾರ ಅವರ ಜಾಗಕ್ಕೆ ನೇಪಾಳಿ ಅರ್ಚಕರನ್ನು ನೇಮಿಸಿದಾಗ ದೊಡ್ಡ ಗದ್ದಲವಾಯಿತು. ಸುಪ್ರೀಂ ಕೋರ್ಟ್ ತಡೆಯಿತು, ಭಕ್ತರು ಬೀದಿಗಿಳಿದರು, ಸರ್ಕಾರ ಹಿಂದೆ ಸರಿಯಿತು. 2009ರ ಸೆಪ್ಟೆಂಬರಿನಲ್ಲಿ ಹೊಸದಾಗಿ ನೇಮಕವಾದ ಕರ್ನಾಟಕದ ಇಬ್ಬರು ಅರ್ಚಕರ ಮೇಲೆ ದೇವಸ್ಥಾನದಲ್ಲೇ ಹಲ್ಲೆ ನಡೆಯಿತು. ಆಗ ನಮ್ಮಲ್ಲಿ ಸಿಟ್ಟು ಬಂದದ್ದು ಸಹಜ, ನನಗೂ ಬಂದಿತ್ತು. ಪರಂಪರೆಯ ಪರವಾಗಿ ಅಂದು ಬೀದಿಗಿಳಿದವರು ನೇಪಾಳದ ಭಕ್ತರು, ತೀರ್ಪು ಕೊಟ್ಟದ್ದು ನೇಪಾಳದ ನ್ಯಾಯಾಲಯ ಎಂಬುದನ್ನು ಮಾತ್ರ ನಮ್ಮ ಪತ್ರಿಕೆಗಳು ಹೆಚ್ಚು ಬರೆಯಲಿಲ್ಲ. ಆ ಪರಂಪರೆಯನ್ನು ಉಳಿಸಿದ್ದು ದೆಹಲಿಯ ಒತ್ತಡವಲ್ಲ, ಅವರದೇ ಜನರ ಒಪ್ಪಿಗೆ. ಪೋಖರಾದಲ್ಲಿ 1994ರಿಂದ ಮಣಿಪಾಲದವರು ವೈದ್ಯಕೀಯ ಕಾಲೇಜು ನಡೆಸಿಕೊಂಡು ಬಂದದ್ದೂ ಇದೇ ಬಗೆಯ ಒಪ್ಪಿಗೆಯ ಮೇಲೆ.

ಕೋಸಿ, ಮತ್ತು ಓದದ ವರದಿ

ನದಿಗಳ ಕಥೆ ಬರೆದರೆ ಇನ್ನೊಂದು ಬರಹವೇ ಬೇಕು. 1954ರ ಕೋಸಿ ಒಪ್ಪಂದದಂತೆ ಕಟ್ಟಿದ ಅಣೆಕಟ್ಟು ಇರುವುದು ನೇಪಾಳದ ನೆಲದಲ್ಲಿ, ಅದರ ನಿರ್ವಹಣೆ ಬಿಹಾರದ ಎಂಜಿನಿಯರುಗಳದ್ದು. 1966ರ ಪರಿಷ್ಕರಣೆಯಲ್ಲಿ ಭೂಮಿಯ ಗುತ್ತಿಗೆಯ ಅವಧಿ 199 ವರ್ಷ ಎಂದಾಯಿತು. 2008ರ ಆಗಸ್ಟ್ 18ರಂದು ಕುಸಹಾ ಎಂಬಲ್ಲಿ ಪೂರ್ವ ದಂಡೆ ಒಡೆದಾಗ ನದಿಯಲ್ಲಿ ಹರಿಯುತ್ತಿದ್ದ ನೀರು ಆ ದಂಡೆ ತಡೆಯಬೇಕಾಗಿದ್ದ ಪ್ರಮಾಣಕ್ಕಿಂತ ಬಹಳ ಕಡಿಮೆ. ನೇಪಾಳದಲ್ಲಿ ಹತ್ತಾರು ಸಾವಿರ, ಬಿಹಾರದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಜನ ನೀರಿಗೆ ಸಿಕ್ಕರು. ದುರಸ್ತಿಗೆ ಸ್ಥಳೀಯರು ಅಡ್ಡಿ ಮಾಡಿದರು ಎಂದು ಈ ಕಡೆಯವರು, ನಿರ್ವಹಣೆಯನ್ನೇ ಮಾಡಲಿಲ್ಲ ಎಂದು ಆ ಕಡೆಯವರು. ಮುಳುಗಿದವರಲ್ಲಿ ಹೆಚ್ಚಿನವರು ಭಾರತೀಯರು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ನೆರೆಯವರ ಜೊತೆ ಹೊಣೆಯನ್ನು ಸ್ಪಷ್ಟವಾಗಿ ಹಂಚಿಕೊಳ್ಳದಿದ್ದರೆ ಅದರ ಬೆಲೆಯನ್ನು ದೊಡ್ಡ ದೇಶದ ಬಡವರೂ ತೆರುತ್ತಾರೆ.

ಇತ್ತೀಚಿನ ವರ್ಷಗಳಲ್ಲಿ ಒಳ್ಳೆಯದೂ ನಡೆದಿದೆ. 2019ರಲ್ಲಿ ಮೋತಿಹಾರಿಯಿಂದ ನೇಪಾಳದ ಅಮ್ಲೇಖ್‌ಗಂಜ್‌ಗೆ 69 ಕಿಲೋಮೀಟರ್ ತೈಲ ಕೊಳವೆ ಮಾರ್ಗ ಶುರುವಾಯಿತು. 2024ರ ಜನವರಿಯಲ್ಲಿ, ಹತ್ತು ವರ್ಷಗಳಲ್ಲಿ 10,000 ಮೆಗಾವಾಟ್ ವಿದ್ಯುತ್ತನ್ನು ನೇಪಾಳದಿಂದ ಕೊಳ್ಳುವ ಒಪ್ಪಂದವಾಯಿತು. ಆದರೆ 1950ರ ಒಪ್ಪಂದ ಹಾಗೆಯೇ ಇದೆ. ಒಂದು ವರ್ಷದ ನೋಟಿಸ್ ಕೊಟ್ಟರೆ ಯಾವ ದೇಶ ಬೇಕಾದರೂ ಅದರಿಂದ ಹೊರಬರಬಹುದು ಎಂದು ಅದರ ಹತ್ತನೇ ವಿಧಿ ಹೇಳುತ್ತದೆ. ಭಾಷಣಗಳಲ್ಲಿ ಅದನ್ನು ಹರಿದುಹಾಕಿದ ನೇಪಾಳಿ ನಾಯಕರು ಬಹಳ ಮಂದಿ, ನೋಟಿಸ್ ಕೊಟ್ಟವರು ಒಬ್ಬರೂ ಇಲ್ಲ. ಇಲ್ಲಿ ದುಡಿಯುವ ತಮ್ಮ ಜನರ ನೆಲೆ ಅಲುಗಾಡುತ್ತದೆ ಎಂಬ ಭಯ ಅವರಿಗೂ ಇದೆ.

ಇದನ್ನೆಲ್ಲ ಕುಳಿತು ಮಾತಾಡಲೆಂದೇ 2016ರಲ್ಲಿ ಎರಡೂ ದೇಶಗಳು ತಲಾ ನಾಲ್ವರ ಗಣ್ಯರ ತಂಡವನ್ನು ನೇಮಿಸಿದವು. ಭಾರತದ ಕಡೆಯಿಂದ ಭಗತ್ ಸಿಂಗ್ ಕೋಶ್ಯಾರಿ, ನೇಪಾಳದ ಕಡೆಯಿಂದ ಭೇಖ್ ಬಹಾದೂರ್ ಥಾಪಾ ನೇತೃತ್ವ. ಎರಡು ವರ್ಷ ಸಭೆ ನಡೆಸಿ 2018ರ ಜುಲೈನಲ್ಲಿ ಎಂಟೂ ಜನ ಒಮ್ಮತದಿಂದ ಒಂದು ವರದಿ ಸಿದ್ಧಪಡಿಸಿದರು. ಅದನ್ನು ಮೊದಲು ಭಾರತದ ಪ್ರಧಾನಿಗೆ, ಆಮೇಲೆ ನೇಪಾಳದ ಪ್ರಧಾನಿಗೆ ಒಪ್ಪಿಸಬೇಕೆಂದು ತೀರ್ಮಾನವಾಗಿತ್ತು. ಭೇಟಿಗೆ ಸಮಯ ಸಿಗಲಿಲ್ಲ. ವರ್ಷಗಳು ಕಳೆದರೂ ವರದಿ ಸ್ವೀಕಾರವಾಗಲಿಲ್ಲ, ಪ್ರಕಟವೂ ಆಗಲಿಲ್ಲ. ನಾವೇ ನೇಮಿಸಿದ ನಾಲ್ವರು ಭಾರತೀಯರು ಒಪ್ಪಿ ಬರೆದದ್ದನ್ನು ನಾವೇ ಕೈಗೆ ತೆಗೆದುಕೊಳ್ಳಲಿಲ್ಲ ಎಂಬುದು ನನಗೆ 2015ರಷ್ಟೇ ನೋವಿನ ಸಂಗತಿ.

ವರದಿಯನ್ನು ಸ್ವೀಕರಿಸಿದರೆ ಅದರಲ್ಲಿರುವುದನ್ನೆಲ್ಲ ಒಪ್ಪಬೇಕೆಂದೇನಿಲ್ಲ. ಇದು ಸಾಧ್ಯ, ಇದು ಸಾಧ್ಯವಿಲ್ಲ, ಇದಕ್ಕೆ ನಮ್ಮ ಭದ್ರತೆಯ ಕಾರಣ ಹೀಗಿದೆ ಎಂದು ಸಂಸತ್ತಿನಲ್ಲಿ ಮಂಡಿಸಿ ಹೇಳಬಹುದು. ಕರ್ನಾಟಕದಿಂದ ಲೋಕಸಭೆಗೆ 28 ಜನ ಹೋಗುತ್ತಾರೆ. ಬೆಂಗಳೂರಿನ ಗೇಟುಗಳನ್ನು, ಅಡುಗೆಮನೆಗಳನ್ನು, ಹೋಟೆಲುಗಳನ್ನು ನಡೆಸುತ್ತಿರುವ ನೇಪಾಳಿಗಳ ಬದುಕು ನಿಂತಿರುವುದು ಆ 1950ರ ಒಪ್ಪಂದದ ಮೇಲೆ. ಮುಂದಿನ ಅಧಿವೇಶನದಲ್ಲಿ ಅವರಲ್ಲಿ ಒಬ್ಬರಾದರೂ ಪ್ರಶ್ನೋತ್ತರ ವೇಳೆಯಲ್ಲಿ ಎದ್ದು, ಆ ವರದಿ ಎಲ್ಲಿದೆ ಮತ್ತು ಸರ್ಕಾರ ಅದನ್ನು ಯಾವಾಗ ಸ್ವೀಕರಿಸುತ್ತದೆ ಎಂದು ಕೇಳಬೇಕು. ನಮ್ಮ ಕ್ಷೇತ್ರದ ಸಂಸದರಿಗೆ ನಾನು ಈ ಕೋರಿಕೆಯನ್ನು ಬರೆದು ಕಳಿಸಿದ್ದೇನೆ. ಓದುವ ನೀವೂ ನಿಮ್ಮ ಸಂಸದರಿಗೆ ಬರೆಯಿರಿ.